ದುಂಡು ದಪ್ಪಕ್ಷರದ ದಿನಚರಿ: ಠ ಹೊಟ್ಟೆಯ ಚುಕ್ಕೆ ಉದುರಿತು

ನಾನೇ ಬರೆಯುತ್ತಿರುವ ದುಂಡು ದಪ್ಪ ಕನ್ನಡ ಫಾಂಟಿನಲ್ಲಿ ಸ್ಟಿಕ್ಕರ್ ಮಾಡಿಸಿ, ಅಕ್ಕನ ಗೇಟಿಗೆ ‘ಮನೆಪಾಠ’ ಅಂಟಿಸಲು ಹೋದವನು ‘ಮನೆಪಾರ’ ಅಂಟಿಸಿ ಬಂದಿದ್ದೇನೆ. ಮೂರು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ನಾಲ್ಕನೇ ದಿನ ಏಳನೇ ಕ್ಲಾಸಿನ ಹುಡುಗ, “ಮಿಸ್, ಪಾರ ಅಂದ್ರೇನು?” ಅಂದನಂತೆ.

ಫಾಂಟಿನಲ್ಲಿ ತಲೆಕಟ್ಟು, ಕೊಂಬು, ದೀರ್ಘ ಎಲ್ಲ ಮುಗಿದಿವೆ. ಅರ್ಕಾವತ್ತೂ ತನ್ನ ಜಾಗದಲ್ಲಿ ಕೂತಿದೆ. ಏಕ್ ಟೈಪ್‌ನವರ ‘ಬಲೂ ತಮ್ಮ’ ಫಾಂಟ್ ಪುಕ್ಕಟೆ ಸಿಗುವಾಗ ನಿನಗ್ಯಾಕೆ ಈ ಉಸಾಬರಿ ಅನ್ನುವವರಿಗೆ: ಅಂಗಡಿಯಲ್ಲಿ ಹೋಳಿಗೆ ಸಿಗುತ್ತದೆಂದು ಮನೆಯಲ್ಲಿ ಮಾಡುವುದು ಬಿಟ್ಟಿದ್ದೀರಾ?

ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ನಾನು ಸೋಮಾರಿ, ರ ನಕಲು ಮಾಡಿ ಚುಕ್ಕೆ ಇಟ್ಟುಬಿಟ್ಟಿದ್ದೆ. ಅಕ್ಷರದ ಅಳತೆ 1000 ಯೂನಿಟ್ ಎಂದಿಟ್ಟುಕೊಂಡ ಲೆಕ್ಕದಲ್ಲಿ ಬಟ್ಟಲು (ಅಕ್ಷರದ ದುಂಡು ಹೊಟ್ಟೆ) 620 ಅಗಲ, ಎರಡೂ ಪಕ್ಕದ ಗೆರೆ ತಲಾ 170. ಒಳಗೆ ಉಳಿದದ್ದು 280. ಅದರಲ್ಲಿ 120ರ ಚುಕ್ಕೆ. ಫಾಂಟ್ ಬರೆಯುವ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ಝೂಮ್ ಮಾಡಿ ನೋಡಿದಾಗ ರಾಜನ ಹಾಗಿತ್ತು. ಆ 1000 ಯೂನಿಟ್ 40 ಮಿ.ಮೀ. ಆಗುವ ಸೈಜಿಗೆ ಕಟ್ ಮಾಡಿಸಿದಾಗ ಚುಕ್ಕೆ 5 ಮಿ.ಮೀ.ಗೂ ಕಡಿಮೆ. ಬೇಡದ ರೇಡಿಯಂ ಎಳೆದು ತೆಗೆಯುವಾಗ ಅದರ ಜೊತೆ ಚುಕ್ಕೆಯೂ ಎದ್ದು ಹೋಯಿತು.

ಸ್ಟಿಕ್ಕರ್ ಕಟ್ ಮಾಡಿದ ಅಂಗಡಿಯವರ ಉತ್ತರ: “ಪುಡಿ ಪೀಸು ನಿಲ್ಲಲ್ಲ ಸಾರ್.” ಶನಿವಾರ ಕೊಡ್ತೀನಿ ಅಂದದ್ದು ಮಂಗಳವಾರ ಕೈಗೆ ಬಂತು. ಅವರ ಹಳೇ ವಿನ್ಯಾಸ ತಂತ್ರಾಂಶ ಕೋರೆಲ್‌ಡ್ರಾನಲ್ಲಿ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಪಟ್ಟಿ) ಕನ್ನಡ ಚಲ್ಲಾಪಿಲ್ಲಿ, ಹಾಗಾಗಿ ಅಂಥದ್ದೇ ಇನ್ನೊಂದಾದ ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನು ಪಾಥ್ (ಬರೀ ಗೆರೆಯ ಆಕಾರ) ಮಾಡಿ, ಯೂನಿಯನ್ ಹೊಡೆದು (ಒಂದರ ಮೇಲೊಂದು ಬಿದ್ದ ತುಂಡುಗಳನ್ನು ಒಂದಾಗಿಸಿ) ಒಯ್ದಿದ್ದೆ. ಪಾಥ್ ಉಳಿಯಿತು, ಪಾಠ ಹೋಯಿತು.

ಚುಕ್ಕೆಯನ್ನು ಸಣ್ಣ ಸೇತುವೆಯಿಂದ ಬಟ್ಟಲಿಗೆ ಅಂಟಿಸಿ ನೋಡಿದೆ. “ಇದು ಠ ಅಲ್ಲ ಕಣೋ, ಜೀರಿಗೆ ನುಂಗಿದ ರ” ಅಂದಳು ಅಕ್ಕ. ಒಳಗೆ ಹೋಗಿ ತನ್ನ ಸ್ಟಿಕ್ಕರ್ ಬೊಟ್ಟು ತಂದು ಗೇಟಿನ ಮೇಲೆ ಅಂಟಿಸಿದಳು. ಮೆರೂನ್ ಬಣ್ಣದ್ದು. ರಸ್ತೆಯ ಆಚೆ ನಿಂತು ನೋಡಿದರೆ ಠ! ಓಡಿ ಬಂದು ಸ್ಕೇಲ್ ಇಟ್ಟೆ: 7 ಮಿ.ಮೀ. ಅಂದರೆ 175 ಯೂನಿಟ್.

ಚುಕ್ಕೆ ಗೆರೆಗಿಂತ ಸಣ್ಣದಿರಬೇಕು ಅಂತ ನಾನೇ ಹಾಕಿಕೊಂಡಿದ್ದ ನಿಯಮ ಅಲ್ಲಿಗೆ ಮುಗಿಯಿತು. ಆದರೆ 280ರ ಹೊಟ್ಟೆಯಲ್ಲಿ 175 ಇಟ್ಟರೆ ಉಸಿರು ಕಟ್ಟುತ್ತದೆ. ಹಾಗಾಗಿ ಠಕ್ಕೆ ಬೇರೆಯೇ ಬಟ್ಟಲು: ಅಗಲ 660, ಪಕ್ಕದ ಗೆರೆ 140, ಒಳಗೆ 380. ರ ಪಕ್ಕ ಇಟ್ಟರೂ ತೆಳ್ಳಗೆ ಕಾಣುತ್ತಿಲ್ಲ, ಕಪ್ಪು ಚುಕ್ಕೆಯೇ ಆ ತೂಕ ತುಂಬಿಕೊಡುತ್ತದೆ. ಥಕ್ಕೂ ಇದೇ ಚಿಕಿತ್ಸೆ; ಇಲ್ಲದಿದ್ದರೆ ರಥ ಹೋಗಿ ರಧ.

ಈ ನಡುವೆ ಹಳಗನ್ನಡದ ೞ ಅಕ್ಷರ (ಈಗ ಬಳಕೆ ಬಿಟ್ಟುಹೋಗಿದೆ) ತಲೆಗೆ ಹೊಕ್ಕಿದೆ. ಯುನಿಕೋಡ್‌ನಲ್ಲಿ ಪಾಪ ಅದರ ಹೆಸರೇ ತಪ್ಪಾಗಿ ‘ಫಾ’ ಎಂದು ಕೂತಿದೆ, ತಿದ್ದುವ ಹಾಗೂ ಇಲ್ಲ. ಅದನ್ನು ಗುಂಡುಗುಂಡಾಗಿ ಬರೆದರೆ ಬಳಸುವವರು ಯಾರು? ನಾನೇ. ಟೀ ಶರ್ಟ್ ಮೇಲೆ.

ಒತ್ತಕ್ಷರ ಮಾತ್ರ ಇನ್ನೂ ಬಗೆಹರಿದಿಲ್ಲ. ‘ನಿಷ್ಠೆ’ಯ ಒತ್ತನ್ನು 60%ಗೆ ಇಳಿಸಿದರೆ ಚುಕ್ಕೆ ಮತ್ತೆ 4 ಮಿ.ಮೀ. ಹತ್ತಿರ, ಮೊದಲು ಉದುರಿದ್ದಕ್ಕಿಂತಲೂ ಸಣ್ಣದು. ಒತ್ತನ್ನು ಬೇರೆಯಾಗಿಯೇ ಬರೆಯಬೇಕು. ಅಲ್ಲಿವರೆಗೆ ಅಕ್ಕನ ಬೊಟ್ಟಿನ ಹಾಳೆ ನನ್ನ ಮೇಜಿನ ಮೇಲೇ ಇದೆ, ಅವಳು ಎರಡು ಸಲ ಕೇಳಿದ್ದಾಳೆ.