ಗೊಂಬೆ ಪೆಟ್ಟಿಗೆಗೆ ಸೇರಿದ ಮೇಲೆ ಹನೋಯ್‌ಗೆ

ಶಾಲೆ ಟೀಚರ್‌ಗೆ ಉದ್ದನೆಯ ರಜೆ ಸಿಗುವುದು ವರ್ಷಕ್ಕೆ ಎರಡೇ ಸಲ. ಏಪ್ರಿಲ್-ಮೇ, ಇಲ್ಲಾಂದ್ರೆ ದಸರಾ. ಹಾಗಾಗಿ 2024ರಲ್ಲಿ ಮಗಳು ವಿಯೆಟ್ನಾಂ, ವಿಯೆಟ್ನಾಂ ಅಂತ ಹಠ ಹಿಡಿದಾಗ ನಾನು ಮೊದಲು ನೋಡಿದ್ದು ಟಿಕೆಟ್ ರೇಟ್ ಅಲ್ಲ, ಕ್ಯಾಲೆಂಡರ್. ಏಪ್ರಿಲ್ 30 ಅವರಿಗೆ 1975ರ ಯುದ್ಧ ಮುಗಿದ ದಿನ. ಮಾರನೇ ದಿನ ಮೇ 1. ಎರಡೂ ರಜೆ. ಆ ವಾರ ಅಲ್ಲಿನ ಜನರೇ ಮಕ್ಕಳು ಮರಿ ಕಟ್ಟಿಕೊಂಡು ಊರು ಸುತ್ತಲು ಹೊರಡುತ್ತಾರೆ. ಹೋಟೆಲು, ರೈಲು ಎಲ್ಲ ಭರ್ತಿ, ರೇಟೂ ಜಾಸ್ತಿ. ಉಳಿದದ್ದು ದಸರಾ.

ಮೈಸೂರಿನವರು ದಸರಾದಲ್ಲಿ ಊರು ಬಿಡುವುದು ಅಂದರೆ ನಮ್ಮ ಅತ್ತೆಗೆ ಅದು ಮಾತಾಡುವ ವಿಷಯವೇ ಅಲ್ಲ. ‘ಊರವರೆಲ್ಲ ಇಲ್ಲಿಗೆ ಬರೋ ಹೊತ್ತಲ್ಲಿ ನಾವು ಎಲ್ಲಿಗೆ ಹೋಗೋದಮ್ಮ?’ ಅಂದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ವಿಜಯದಶಮಿ ಕಳೆದು, ಗೊಂಬೆಗಳನ್ನೆಲ್ಲ ಬಟ್ಟೆ ಸುತ್ತಿ ಪೆಟ್ಟಿಗೆಗೆ ಸೇರಿಸಿದ ಮೇಲೇ ಹೊರಡಬೇಕು. ಆ ವರ್ಷ ವಿಜಯದಶಮಿ ಅಕ್ಟೋಬರ್ 12ಕ್ಕಿತ್ತು, ಶಾಲೆ ರಜೆ 20ರವರೆಗೆ. ಯಜಮಾನರು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಹಾಗಾಗಿ ನಾವು ಮೂರು ಜನ ಹೆಂಗಸರೇ: ಅತ್ತೆ, ನಾನು, ಮಗಳು.

ಏಜೆಂಟರೊಬ್ಬರು ತಲೆಗೆ 78 ಸಾವಿರ ಹೇಳಿದರು. ಹನೋಯ್, ಹಾ ಲಾಂಗ್ ಕೊಲ್ಲಿ, ದ ನಾಂಗ್, ಹೋಯ್ ಆನ್, ಸೈಗಾನ್ ಎಲ್ಲ ಒಂದೇ ವಾರದಲ್ಲಿ. ಆ ಪಟ್ಟಿ ನೋಡಿದಾಗಲೇ ನನಗೆ ಸುಸ್ತಾಯಿತು. ಅಷ್ಟೇ ಅಲ್ಲ, ಅಕ್ಟೋಬರ್‌ನಲ್ಲಿ ಆ ಉದ್ದನೆಯ ದೇಶದ ಎಲ್ಲ ಕಡೆ ಒಂದೇ ಹವೆ ಇರುವುದಿಲ್ಲ. ಉತ್ತರದ ಹನೋಯ್‌ನಲ್ಲಿ ಮಳೆ ಕಡಿಮೆಯಾಗಿ ತಂಪಾಗುತ್ತಾ ಬರುತ್ತದೆ. ಮಧ್ಯಭಾಗದ ದ ನಾಂಗ್, ಹೋಯ್ ಆನ್ ಕಡೆ ಆಗಲೇ ಜೋರು ಮಳೆ. ಹೋಯ್ ಆನ್‌ನ ಹಳೇ ಪೇಟೆಯೊಳಗೆ ನದಿ ನುಗ್ಗುವುದು ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್‌ನಲ್ಲೇ. ನಾನು ದ ನಾಂಗ್, ಹೋಯ್ ಆನ್, ಸೈಗಾನ್ ಮೂರನ್ನೂ ಹೊಡೆದು ಹಾಕಿದೆ. ಒಳಗಿನ ಎರಡು ವಿಮಾನದ ಖರ್ಚು ಅಲ್ಲೇ ಉಳಿಯಿತು. ಆ ತಿಂಗಳ ಕೊನೆಗೆ ಟ್ರಾಮಿ ಚಂಡಮಾರುತ ಬಂದದ್ದೂ ಆ ಮಧ್ಯಭಾಗಕ್ಕೇ.

ಕಡಿಮೆ ಖರ್ಚಿನ ಪ್ರವಾಸ ಬೇರೆ, ಸುರಕ್ಷಿತ ಪ್ರವಾಸ ಬೇರೆ ಅಂತ ಜನ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಕಡೆಯಿಂದ ಬರುತ್ತವೆ. ಊರುಗಳನ್ನು ಕಡಿಮೆ ಮಾಡಿ, ಹಗಲು ಹೊತ್ತಿನಲ್ಲಿ ಇಳಿಯಿರಿ, ಕಾಗದಪತ್ರ ಸರಿ ಇಟ್ಟುಕೊಳ್ಳಿ. ದುಡ್ಡು ಸೋರುವುದೂ ಅಪಾಯ ನುಗ್ಗುವುದೂ ಹೆಚ್ಚಾಗಿ ಓಡಾಟದ ಗಡಿಬಿಡಿಯಲ್ಲೇ ಅಲ್ವಾ?

ವಿಮಾನದ ವಿಷಯದಲ್ಲಿ ಅದನ್ನೇ ಮಾಡಿದೆ. ಅತಿ ಅಗ್ಗದ ಟಿಕೆಟ್ ಹನೋಯ್ ಮುಟ್ಟುತ್ತಿದ್ದದ್ದು ನಡುರಾತ್ರಿ. ಅದು ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿದ್ದು ಬೇರೆ. ಹೀಗೆ ಜೋಡಿಸಿದಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಬ್ಯಾಗನ್ನೂ ನಡುವಿನ ದೇಶದಲ್ಲಿ ಇಳಿಸಿಕೊಂಡು, ಇಮಿಗ್ರೇಷನ್ ದಾಟಿ, ಮತ್ತೆ ಕೊಡಬೇಕು. ಆ ದೇಶದೊಳಗೆ ಹೋಗಲು ನಿಮಗೆ ಅನುಮತಿ ಇರಬೇಕು. ನಾನು ಎರಡೂವರೆ ಸಾವಿರ ಜಾಸ್ತಿ ಕೊಟ್ಟು ಒಂದೇ ಪಿಎನ್ಆರ್ ಇರುವ, ಮಧ್ಯಾಹ್ನ ಇಳಿಯುವ ಟಿಕೆಟ್ ತೆಗೆದುಕೊಂಡೆ. ನೋಯ್ ಬಾಯ್ ವಿಮಾನ ನಿಲ್ದಾಣದ ಹೊರಗೆ ಕಿತ್ತಳೆ ಬಣ್ಣದ 86ನೇ ನಂಬರ್ ಬಸ್ ಸಿಗುತ್ತದೆ. ಆಗ ತಲೆಗೆ 45 ಸಾವಿರ ಡಾಂಗ್ ಇತ್ತು, ಅಂದರೆ ನಮ್ಮ ನೂರೈವತ್ತು ರೂಪಾಯಿ. ಸೀದಾ ಹಳೇ ಪೇಟೆ ಹತ್ತಿರ ಇಳಿಸುತ್ತದೆ. ನಡುರಾತ್ರಿಯಲ್ಲಿ ಆ ಬಸ್ ಎಲ್ಲಿ, ನಾವು ಮೂರು ಜನ ಎಲ್ಲಿ!

ಕಾಗದಪತ್ರದ್ದು ದೊಡ್ಡ ಕತೆ. ಅತ್ತೆಗೆ ಪಾಸ್‌ಪೋರ್ಟೇ ಇರಲಿಲ್ಲ. ಮೈಸೂರಿನಲ್ಲಿ 2017ರಿಂದಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಮಾಮೂಲಿ ಶುಲ್ಕ 1,500. ಅರವತ್ತು ದಾಟಿದವರಿಗೆ ಹೊಸ ಪಾಸ್‌ಪೋರ್ಟ್‌ಗೆ ಶೇ. 10 ರಿಯಾಯಿತಿ. ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರಿನಲ್ಲಿ. ನಾವು ಇನಿಷಿಯಲ್ ಹಾಕಿಕೊಂಡು ಬದುಕಿದವರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಡುವವರೂ ಇದ್ದಾರೆ. ದಯವಿಟ್ಟು ಬಿಡಬೇಡಿ. 2022ರ ನವೆಂಬರ್‌ನಿಂದ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳನ್ನು ಒಳಗೆ ಬಿಡುತ್ತಿಲ್ಲ. ಟಿಕೆಟ್ ಬುಕ್ ಮಾಡುವಾಗಲೂ ಇದೇ ಒದ್ದಾಟ. ಅತ್ತೆಗೆ ಮಾವನ ಹೆಸರನ್ನೇ ಸರ್‌ನೇಮ್ ಮಾಡಿಸಿದೆ. ‘ಈ ವಯಸ್ಸಲ್ಲಿ ಹೊಸ ಹೆಸರು ಕೊಟ್ಟೆಯಲ್ಲ’ ಅಂತ ನಕ್ಕರು.

ಸರ್ಕಾರಿ ಸಂಬಳದವರಿಗೆ ಇನ್ನೊಂದು ಕೆಲಸ ಇದೆ: ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ. ಅರ್ಜಿಯನ್ನು ರಜೆಗೆ ಹದಿನೈದು ದಿನ ಇರುವಾಗ ಕೊಟ್ಟರೆ ಫೈಲು ಬರುವುದು ನೀವು ವಾಪಸ್ ಬಂದ ಮೇಲೆ. ಜೂನ್‌ನಲ್ಲೇ ಕೊಟ್ಟುಬಿಡಿ.

ವಿಯೆಟ್ನಾಂ ಇ-ವೀಸಾ 25 ಡಾಲರ್. ಒಂದು ಸಲ ಒಳಗೆ ಹೋಗಿ 90 ದಿನದವರೆಗೆ ಇರಬಹುದು. ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಸರ್ಕಾರದ್ದೇ ಅನ್ನಿಸುವ ಹಾಗೆ ಕಾಣುವ ಏಜೆಂಟ್ ವೆಬ್‌ಸೈಟುಗಳು. ಅಲ್ಲಿ ಅದೇ ವೀಸಾಕ್ಕೆ ಎರಡರಷ್ಟು, ಮೂರರಷ್ಟು ಕೇಳುತ್ತಾರೆ. ವಿಳಾಸದ ಕೊನೆಯಲ್ಲಿ ‘ಡಾಟ್ ಗವ್ ಡಾಟ್ ವಿಎನ್’ ಇದ್ದರೆ ಮಾತ್ರ ಅದು ಸರ್ಕಾರದ್ದು. ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ ಅಕ್ಷರ ಅಕ್ಷರವೂ ಹೊಂದಬೇಕು. ತಪ್ಪಾದರೆ ದುಡ್ಡು ವಾಪಸ್ ಇಲ್ಲ, ಹೊಸದಾಗಿ ಅರ್ಜಿ. ನಾನು ಉತ್ತರ ಪತ್ರಿಕೆ ತಿದ್ದುವ ಹಾಗೆ ಕೆಂಪು ಪೆನ್ ಹಿಡಿದು ಪ್ರಿಂಟ್ ಮೇಲೆ ಟಿಕ್ ಹಾಕಿದೆ. ಮಗಳು ನಕ್ಕಳು, ನಗಲಿ.

ಇನ್ಶೂರೆನ್ಸ್ ಬಗ್ಗೆ ನನ್ನ ಮಾತು ಖಡಕ್. ಅತ್ತೆಗೆ ಬಿಪಿ ಇದೆ. ಅದನ್ನು ಮುಚ್ಚಿಟ್ಟರೆ ಪ್ರೀಮಿಯಂ ಕಡಿಮೆ, ನಿಜ. ಆದರೆ ಆಸ್ಪತ್ರೆಗೆ ಸೇರಿದ ದಿನ ಆ ಪಾಲಿಸಿ ಬರೀ ಕಾಗದ. ಇರುವ ಕಾಯಿಲೆಗೂ ರಕ್ಷಣೆ ಕೊಡುವ ಪಾಲಿಸಿಯನ್ನೇ ಕೇಳಿ ತೆಗೆದುಕೊಂಡೆ. ಅವರೊಬ್ಬರಿಗೇ ಮೂರು ಸಾವಿರದ ಹತ್ತಿರ ಆಯಿತು, ನಮ್ಮಿಬ್ಬರದೂ ಸೇರಿ ಅಷ್ಟಿರಲಿಲ್ಲ. ಮಾತ್ರೆಗಳು ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ್ ಚೀಟಿ ಜೊತೆಗಿರಲಿ, ಎಲ್ಲವೂ ಕೈಚೀಲದಲ್ಲಿರಲಿ. ಲಗೇಜ್ ಕಳೆದುಹೋದರೆ ಸೀರೆ ಕೊಳ್ಳಬಹುದು, ಅದೇ ಬ್ರ್ಯಾಂಡಿನ ಮಾತ್ರೆ ಅಲ್ಲಿ ಎಲ್ಲಿ ಹುಡುಕುವುದು?

ಮಗಳಿಗೆ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವ ಆಸೆ. ಅಲ್ಲಿ ಯಾರನ್ನೂ ಏನೂ ಕೇಳದೆ ಗಾಡಿ ಕೊಟ್ಟುಬಿಡುತ್ತಾರೆ. ಆದರೆ ನಮ್ಮ ಆರ್‌ಟಿಓ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಒಪ್ಪುವುದು 1968ರದ್ದನ್ನು. ಲೈಸೆನ್ಸ್ ಇಲ್ಲದೆ ಬಿದ್ದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತದೆ. ಬೇಡ ಅಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಹನೋಯ್‌ನ ರಸ್ತೆ ನೋಡಿದ ಮೇಲೆ ಅವಳೇ ಆ ಮಾತು ಎತ್ತಲಿಲ್ಲ. ಅಲ್ಲಿ ರಸ್ತೆ ದಾಟುವುದಕ್ಕೂ ಒಂದು ರೀತಿ ಇದೆ. ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯುತ್ತಾ ಹೋಗಬೇಕು. ಸ್ಕೂಟರ್‌ಗಳೇ ನಿಮ್ಮನ್ನು ಬಳಸಿಕೊಂಡು ಹೋಗುತ್ತವೆ. ನಿಲ್ಲಬಾರದು, ಓಡಲೂಬಾರದು. ಅತ್ತೆ ಇದನ್ನು ನಮಗಿಂತ ಬೇಗ ಕಲಿತರು. ದೇವರಾಜ ಮಾರ್ಕೆಟ್‌ಗೆ ನಡೆದುಹೋಗಿ ಅಭ್ಯಾಸ ಇದ್ದವರು.

ದುಡ್ಡಿನದು ಚಿಕ್ಕ ಚಿಕ್ಕ ವಿಷಯ. ಹೊರಡುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆ ಆನ್ ಮಾಡಿ, ಅದು ತಾನಾಗಿ ಆನ್ ಇರುವುದಿಲ್ಲ. ಒಟಿಪಿ ಬರಬೇಕಲ್ಲ, ಹಾಗಾಗಿ ನಮ್ಮ ಸಿಮ್‌ನಲ್ಲಿ ರೋಮಿಂಗ್ ಚಾಲೂ ಇರಲಿ. ಟ್ಯಾಕ್ಸಿ ಕರೆಯುವ ಗ್ರಾಬ್ ಆ್ಯಪ್‌ಗೆ ಕಾರ್ಡನ್ನು ಇಲ್ಲಿಂದಲೇ ಸೇರಿಸಿಡಿ. ಟ್ಯಾಕ್ಸಿ ರೇಟು ಮೊದಲೇ ಕಾಣುವುದರಿಂದ ಚೌಕಾಸಿಯೂ ಇಲ್ಲ, ಜಗಳವೂ ಇಲ್ಲ. ಅಲ್ಲಿನ ಮಷಿನ್ ‘ರೂಪಾಯಿಯಲ್ಲಿ ಕಟ್ಟುತ್ತೀರಾ, ಡಾಂಗ್‌ನಲ್ಲಾ’ ಅಂತ ಕೇಳಿದರೆ ಡಾಂಗ್ ಅನ್ನಿ. ರೂಪಾಯಿ ಅಂದರೆ ಅವರು ಹೇಳಿದ್ದೇ ರೇಟು. ಲೆಕ್ಕಕ್ಕೆ ಮೂರು ಸೊನ್ನೆ ತೆಗೆದು ಮೂರೂಕಾಲಿನಿಂದ ಗುಣಿಸಿ, ಸಾಕು. ನೋಟು ಕೊಡುವಾಗ ಮಾತ್ರ ಎಚ್ಚರ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಒಂದು ಅರವತ್ತೈದು ರೂಪಾಯಿ, ಇನ್ನೊಂದು ಸಾವಿರದ ಆರುನೂರಕ್ಕೂ ಜಾಸ್ತಿ. 5 ಲಕ್ಷದ್ದನ್ನು ಬೇರೆ ಪರ್ಸಿನಲ್ಲೇ ಇಟ್ಟಿದ್ದೆ.

ಹಾ ಲಾಂಗ್ ಬಗ್ಗೆ ಹೇಳಬೇಕು. ವಿಮಾನ, ಹೋಟೆಲ್ ಎಲ್ಲ ಜುಲೈನಲ್ಲೇ ಆಗಿತ್ತು. ಹೋಟೆಲನ್ನು ರದ್ದು ಮಾಡಿದರೆ ಪೂರ್ತಿ ದುಡ್ಡು ಬರುವ ಹಾಗೆ ಬುಕ್ ಮಾಡಿದ್ದೆ. ಹಾ ಲಾಂಗ್ ದೋಣಿ ಮಾತ್ರ ಬಾಕಿ ಇಟ್ಟಿದ್ದೆ. ಸೆಪ್ಟೆಂಬರ್ 7ರಂದು ಯಾಗಿ ಚಂಡಮಾರುತ ಅಲ್ಲಿಗೇ ಅಪ್ಪಳಿಸಿತು. ನಿಲ್ಲಿಸಿದ್ದ ಪ್ರವಾಸಿ ದೋಣಿಗಳೇ ಮುಳುಗಿದವು. ಹನೋಯ್‌ನಲ್ಲಿ ಸಾವಿರಾರು ಮರಗಳು ಉರುಳಿದವು. ದಿನಾ ಸುದ್ದಿ ನೋಡುತ್ತಾ ಕೂತೆವು. ಅಕ್ಟೋಬರ್ ಹೊತ್ತಿಗೆ ಊರು ಸಹಜವಾಯಿತು. ಆದರೂ ಸಮುದ್ರ ಬೇಡ ಅಂತ ದಕ್ಷಿಣಕ್ಕೆ ಸುಮಾರು 95 ಕಿಲೋಮೀಟರ್ ದೂರದ ನಿನ್ ಬಿನ್‌ಗೆ ರೈಲು ಹತ್ತಿದೆವು. ಅಲ್ಲಿನ ಚಾಂಗ್ ಆನ್ ಸುಣ್ಣಕಲ್ಲಿನ ಗುಡ್ಡಗಳ ನಡುವಿನ ನೀರಿನ ದಾರಿ. 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದೆ. ಆಗ ಟಿಕೆಟ್ ಎರಡೂವರೆ ಲಕ್ಷ ಡಾಂಗ್ ಇತ್ತು. ದೋಣಿಯಲ್ಲಿ ನಾಲ್ಕು ಜನ, ಹುಟ್ಟು ಹಾಕುವವರು ಒಬ್ಬ ಹೆಂಗಸು. ಸೀರೆ ಮೇಲೆ ಲೈಫ್ ಜಾಕೆಟ್ ಹಾಕಿಸಲು ಅತ್ತೆಯನ್ನು ಸ್ವಲ್ಪ ಪುಸಲಾಯಿಸಬೇಕಾಯಿತು. ಗುಹೆಗಳ ಕೆಳಗೆ ತಲೆ ಬಗ್ಗಿಸಿ ಹೋಗುವಾಗ ಅವರಿಗೆ ನಮಗಿಂತ ಖುಷಿ. ಹತ್ತಿರದ ಹಾಂಗ್ ಮುವಾದ ಐನೂರು ಮೆಟ್ಟಿಲನ್ನು ಮಗಳೊಬ್ಬಳೇ ಹತ್ತಿ ಬಂದಳು. ಚಾಮುಂಡಿ ಬೆಟ್ಟದ ಸಾವಿರ ಹತ್ತಿದ್ದೇನೆ, ಇದು ಬೇಡ ಅಂದರು ಅತ್ತೆ.

ಊಟಕ್ಕೆ ಹೆದರಿದ್ದೆವು. ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಆದರೆ ‘ಚಾಯ್’ (ಟೀ ಅಲ್ಲ, ಅವರ ಭಾಷೆಯಲ್ಲಿ ಸಸ್ಯಾಹಾರ) ಅಂತ ಬೋರ್ಡ್ ಇರುವ ಅಂಗಡಿಗಳು ಪೂರ್ತಿ ಸಸ್ಯಾಹಾರಿ. ಬೌದ್ಧರ ಕಟ್ಟುನಿಟ್ಟಿನ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇರುವುದಿಲ್ಲ ಅಂತ ಗೊತ್ತಾದಾಗ ಅತ್ತೆ ಮುಖ ನೋಡಬೇಕಿತ್ತು. ಅವರ ಚಾಂದ್ರಮಾನ ತಿಂಗಳ ಮೊದಲ ದಿನ, ಹುಣ್ಣಿಮೆ ದಿನ ಬಹಳ ಜನ ಮಾಂಸ ಮುಟ್ಟುವುದಿಲ್ಲ. ನಾವಿದ್ದಾಗಲೇ ಅಕ್ಟೋಬರ್ 17ರ ಹುಣ್ಣಿಮೆ ಬಂತು. ಚಾಯ್ ಅಂಗಡಿಯಲ್ಲಿ ಕೂರಲು ಜಾಗ ಇಲ್ಲ. ಚಟ್ನಿಪುಡಿ ಡಬ್ಬಿ ಅರ್ಧ ಹಾಗೇ ವಾಪಸ್ ಬಂತು.

ಪೊಲೀಸ್ 113, ಆಂಬುಲೆನ್ಸ್ 115. ಇವೆರಡನ್ನೂ ಹನೋಯ್‌ನ ನಮ್ಮ ರಾಯಭಾರ ಕಚೇರಿ ನಂಬರನ್ನೂ ಮೂವರ ಪರ್ಸಿನಲ್ಲೂ ಕಾಗದದ ಮೇಲೆ ಬರೆದಿಟ್ಟಿದ್ದೆ. ಫೋನ್ ಕಳೆದರೆ ಫೋನಿನಲ್ಲಿದ್ದ ನಂಬರ್ ಯಾವ ಉಪಯೋಗಕ್ಕೆ? ಪುಣ್ಯಕ್ಕೆ ಬೇಕಾಗಲಿಲ್ಲ.

ಒಟ್ಟು ತಲೆಗೆ 50 ಸಾವಿರದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ವಿಮಾನಕ್ಕೆ, ವೀಸಾಕ್ಕೆ 2,100. ಮೂವರ ರೂಮು ರಾತ್ರಿಗೆ 2,400. ಮೈಸೂರಿನಿಂದ ಏರ್‌ಪೋರ್ಟ್‌ಗೆ ಕಾರು ಬೇಡ, ಫ್ಲೈಬಸ್ ಇದೆ. ಅತ್ತೆ ಕೊಂಡ ಕಾಫಿ ಪುಡಿ ಈ ಲೆಕ್ಕದಲ್ಲಿ ಇಲ್ಲ. ವಿಯೆಟ್ನಾಂ ಕಾಫಿಗೆ ಚಿಕೋರಿ ಹಾಕದೆ ಅಷ್ಟು ಗಟ್ಟಿ ಹೇಗೆ ಬರುತ್ತದೆ ಅಂತ ಪರೀಕ್ಷೆ ಮಾಡಲು ಎರಡು ಕೆಜಿ ಬೇಕಾಯಿತಂತೆ.