ಸಂಜೆ ಆರೂಕಾಲಿಗೆ ಫರ್ಮ್‌ವೇರ್

ದಾವಣಗೆರೆಯ ಒಂದು ಲಾರಿ ಆಫೀಸು, ನಮ್ಮ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದದ) ಕಸ್ಟಮರ್. ಕಂಪ್ಲೇಂಟ್ ಸಣ್ಣದು. ಎಲ್‌ಆರ್, ಅಂದರೆ ಲಾರಿ ಸರಕಿನ ರಸೀದಿ, ಅರ್ಧ ಪ್ರಿಂಟ್ ಆಗಿ ನಿಲ್ಲುತ್ತದೆ, ದಿನಕ್ಕೆ ಒಂದೆರಡು ಸಲ. ಪ್ರಿಂಟರನ್ನು ನೆಟ್‌ವರ್ಕ್‌ಗೆ ಜೋಡಿಸುವ ಪ್ರಿಂಟ್ ಸರ್ವರ್‌ನ ಅಡಾಪ್ಟರ್ ಪಿನ್ ಕಿತ್ತು ಮತ್ತೆ ಹಾಕಿದರೆ ಸರಿಯಾಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತೆ ಅಂದ್ರೆ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ತೊಂದರೆಯೇ, ಅಲ್ವಾ? ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ನಮ್ಮ ಮ್ಯಾನೇಜರ್‌ದು ಎಂದಿನ ಒಂದೇ ಮಾತು: ಕಾಲ್ ಇವತ್ತೇ ಕ್ಲೋಸ್ ಆಗಬೇಕು.

ಅದು ಪ್ರಿಂಟರ್‌ನ ಬೆನ್ನಿಗೇ ಸಿಕ್ಕಿಸುವ ಪುಟ್ಟ ಡಬ್ಬಿ. ಬಗ್ಗಿ, ಮೊಬೈಲ್ ಟಾರ್ಚ್ ಹಾಕಿ, ಸ್ಟಿಕ್ಕರ್ ಮೇಲಿನ ಹಾರ್ಡ್‌ವೇರ್ ರಿವಿಷನ್ ನೋಡಿದೆ. ಡೌನ್‌ಲೋಡ್ ಮಾಡಿದ ಫೈಲೂ ಅದೇ ರಿವಿಷನ್‌ದು. ಅಷ್ಟು ಬುದ್ಧಿ ಇತ್ತು. ಸೆಟ್ಟಿಂಗ್ಸ್ ಪೇಜಿನ ಒಂದು ಫೋಟೋ ತೆಗೆದಿಟ್ಟುಕೊಳ್ಳುವ ಬುದ್ಧಿ ಇರಲಿಲ್ಲ.

ಆರೂಕಾಲಿಗೆ ಅಪ್‌ಗ್ರೇಡ್ ಒತ್ತಿದೆ. ಹೊರಗೆ ಮೂರು ಲಾರಿಗೆ ಲೋಡ್ ಆಗಿ, ಹಗ್ಗ ಬಿಗಿಯುತ್ತಿದ್ದರು. ಬ್ರೌಸರ್‌ನಲ್ಲಿ ಗೆರೆ ಸರಸರ ಓಡಿ ಕೊನೆ ಮುಟ್ಟುವ ಮೊದಲೇ ನಿಂತಿತು. 'ಪವರ್ ಆಫ್ ಮಾಡಬೇಡಿ' ಅಂತ ಕೆಂಪಕ್ಷರ. ಐದು ನಿಮಿಷ, ಹತ್ತು ನಿಮಿಷ. ಅಡಾಪ್ಟರ್ ಯುಪಿಎಸ್ ಮೇಲೂ ಇಲ್ಲ, ಸಾದಾ ಬೋರ್ಡಿನಲ್ಲಿ ಇದೆ ಅಂತ ಆಗ ಕಣ್ಣಿಗೆ ಬಿತ್ತು. ನಡುವೆ ಕರೆಂಟ್ ಹೋದರೆ ಡಬ್ಬಿ ಕಥೆ ಮುಗೀತು. ಟ್ಯೂಬ್‌ಲೈಟ್ ಒಮ್ಮೆ ಮಿಣುಕಿದಾಗ ನನ್ನ ಎದೆ ಧಸಕ್ ಅಂತು.

"ಸರ್, ಎಲ್‌ಆರ್ ಬಂತಾ?" ಅಂತ ಡ್ರೈವರ್ ಕಿಟಕಿಯಲ್ಲಿ ತಲೆ ಹಾಕಿದ. ಎರಡನೇ ಸಲ ಬಂದಾಗ 'ಸರ್' ಇರಲಿಲ್ಲ.

ಅರ್ಧ ಗಂಟೆ ಕಾದು, ದೇವರ ಮೇಲೆ ಭಾರ ಹಾಕಿ ಪಿನ್ ಕಿತ್ತೆ. ಮತ್ತೆ ಹಾಕಿದೆ. ಲೈಟ್ ಬಂತು, ಪಿಂಗ್ (ನೆಟ್‌ವರ್ಕ್‌ನಲ್ಲಿ ಇದ್ದೀಯಾ ಅಂತ ಕೇಳಿದ್ದಕ್ಕೆ ಉತ್ತರ) ಬರಲಿಲ್ಲ. ಡಬ್ಬಿ ಸತ್ತಿತು ಅಂತ ನಾನು ಬೆವರು ಒರೆಸಿಕೊಳ್ಳುತ್ತಿದ್ದಾಗ ಬುಕಿಂಗ್ ಕೌಂಟರಿನ ಅಕ್ಕ ಮೆಲ್ಲಗೆ ಕೇಳಿದರು: "ಪ್ರಿಂಟರ್ ಹಿಂದೆ ಯುಎಸ್‌ಬಿನೂ ಇದೆಯಲ್ಲ ಸರ್? ಅದನ್ನ ನನ್ನ ಕಂಪ್ಯೂಟರ್‌ಗೆ ಹಾಕಿದ್ರೆ ಆಗಲ್ವಾ?"

ಆಗುತ್ತೆ. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಡ್ರೈವರ್‌ನ ಪೋರ್ಟ್ ಬದಲಿಸಲು ಎರಡು ನಿಮಿಷ. ನಾಲ್ಕು ಪದರದ ಕಾರ್ಬನ್ ಫಾರ್ಮ್ ಮೇಲೆ ಹೆಡ್ ಕರಕರ ಅಂತ ಓಡಿದ ಸದ್ದು ಅವತ್ತು ಕೇಳಿದಷ್ಟು ಹಿತವಾಗಿ ಎಂದೂ ಕೇಳಿಲ್ಲ. ಲಾರಿಗಳು ಹೋದವು.

ಆಮೇಲೆ ತಲೆ ಓಡಿತು. ಡಬ್ಬಿ ಸತ್ತಿರಲಿಲ್ಲ. ಅಪ್‌ಗ್ರೇಡ್ ಮುಗಿಸಿ, ಫ್ಯಾಕ್ಟರಿ ಡಿಫಾಲ್ಟ್‌ಗೆ ಹೋಗಿ 192.168.0.10 ಅನ್ನೋ ನೆಟ್‌ವರ್ಕ್ ವಿಳಾಸದಲ್ಲಿ ಆರಾಮಾಗಿ ಕೂತಿತ್ತು. ಆಫೀಸಿನದು 192.168.1 ಸರಣಿ, ಹಾಗಾಗಿ ಒಂದಕ್ಕೊಂದು ಕಾಣುತ್ತಿರಲಿಲ್ಲ. ಬ್ರೌಸರ್ ಹಳೇ ವಿಳಾಸಕ್ಕೇ ಕಾಯುತ್ತಿತ್ತು, ಅದರ ಜೊತೆ ನಾನೂ. ಲ್ಯಾಪ್‌ಟಾಪ್‌ಗೆ 192.168.0.50 ಕೊಟ್ಟು ಒಳಹೊಕ್ಕು ಹಳೇ ಐಪಿ ಹಾಕಿದೆ. ಪಿಂಗ್ ಬಂತು. ಆದರೂ ಎಲ್ಲ ಕಂಪ್ಯೂಟರ್‌ನಲ್ಲೂ ಪ್ರಿಂಟರ್ ಆಫ್‌ಲೈನ್! ಮತ್ತೆ ಮುಕ್ಕಾಲು ಗಂಟೆ. ಹೊಸ ಫರ್ಮ್‌ವೇರ್‌ನಲ್ಲಿ ಎಸ್‌ಎನ್‌ಎಂಪಿ, ಅಂದರೆ ಪ್ರಿಂಟರ್ ಸ್ಥಿತಿ ಕೇಳಿದರೆ ಉತ್ತರ ಕೊಡುವ ವ್ಯವಸ್ಥೆ, ಬಂದ್ ಆಗಿತ್ತು. ಉತ್ತರ ಬಾರದಿದ್ದರೆ ವಿಂಡೋಸ್ ಪ್ರಿಂಟರ್ ಇಲ್ಲವೆಂದೇ ನಂಬುತ್ತದೆ. ಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಟಿಕ್ ತೆಗೆಯಬೇಕು, ಒಂದೊಂದೇ ಕಂಪ್ಯೂಟರ್‌ಗೂ ಹೋಗಿ. ಮನೆ ಸೇರಿದಾಗ ಹತ್ತು ಗಂಟೆ. ಕಾಲ್ ಮಾತ್ರ ಕ್ಲೋಸ್.

ಮರುದಿನ ಹನ್ನೊಂದಕ್ಕೆ ಅಕ್ಕನ ಫೋನು. ಎಲ್‌ಆರ್ ಮತ್ತೆ ಅರ್ಧಕ್ಕೆ ನಿಂತಿದೆ.

ಈ ಸಲ ನಾನು ಏನನ್ನೂ ಮುಟ್ಟಲಿಲ್ಲ. "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ಅಕ್ಕ" ಅಂದೆ. ಅವರು ಪಿನ್ ಕಿತ್ತರು. ತಿರುಗಿ ಹಾಕುವಾಗ ಹೆಬ್ಬೆರಳಿನಿಂದ ಡಬ್ಬಿಯನ್ನೂ ಪ್ರಿಂಟರ್ ಕಡೆಗೆ ಒತ್ತಿದರು. ಪ್ರಿಂಟ್ ಓಡಿತು.

ಡಬ್ಬಿಯ ಎರಡೂ ಬದಿಯ ತಂತಿ ಕ್ಲಿಪ್‌ಗಳು ಹಾಕಿರಲೇ ಇಲ್ಲ. ಹೆಡ್ ಓಡುವಾಗಿನ ಅದುರಾಟಕ್ಕೆ ಕನೆಕ್ಟರ್ ಕೂದಲೆಳೆಯಷ್ಟು ಜರುಗುತ್ತಿತ್ತು. ಹಿಂದಿನ ದಿನ ಟಾರ್ಚ್ ಬಿಟ್ಟದ್ದು ಅದೇ ಜಾಗಕ್ಕೆ. ಟಕ್, ಟಕ್ ಎಂದು ಎರಡೂ ಕ್ಲಿಪ್ ಹಾಕಿದೆ. ಕಾಲ್ ರಿಪೋರ್ಟ್‌ನಲ್ಲಿ 'ಫಾಲ್ಟ್' ಅನ್ನೋ ಜಾಗದಲ್ಲಿ ಏನು ಬರೆಯೋದು ಅಂತ ತೋಚದೆ, 'ಜನರಲ್ ಸರ್ವೀಸ್' ಅಂತ ಬರೆದು ಅಕ್ಕನ ಸಹಿ ಹಾಕಿಸಿಕೊಂಡೆ. ಅವರು ಓದಿ, ನನ್ನ ಮುಖ ನೋಡಿ, ಏನೂ ಹೇಳದೆ ಸಹಿ ಮಾಡಿದರು.