ಬಾವುಟ ಎತ್ತಿಸಿದ ಬಿಲ್

ಟಿವಿಯ ಫುಟ್‌ಬಾಲ್ ಪಂದ್ಯದಲ್ಲಿ ಗೋಲು ಬಿದ್ದಿದ್ದೇ ಸೋಫಾದಿಂದ ಎಗರಿ, ಆಫ್‌ಸೈಡ್ ಬಾವುಟ ನೋಡಿ ಪೆಚ್ಚಾಗಿ ಕೂತಾಗಲೆಲ್ಲ ನಾನು ಬೈಯೋದು ಬಿಲ್ ಮೆಕ್‌ಕ್ರಾಕನ್‌ನನ್ನೇ. ಬೆಲ್‌ಫಾಸ್ಟ್ ಹುಡುಗ. 1904ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ ಸೇರಿದ. ಮೂರು ಲೀಗ್ ಪ್ರಶಸ್ತಿ, 1910ರ ಎಫ್‌ಎ ಕಪ್, ಎಲ್ಲ ಸರಿ. ಆದರೆ ಜನ ನೆನಪಿಟ್ಟಿದ್ದು ಅವನ ಕಿಲಾಡಿತನವನ್ನು.

ಆಗ ಪಾಸ್ ಕೊಡುವ ಹೊತ್ತಿಗೆ ಮುಂದಿರುವ ಆಟಗಾರನಿಗೂ ಗೋಲಿಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು, ಇಲ್ಲದಿದ್ದರೆ ಆಫ್‌ಸೈಡ್. ಗೋಲ್‌ಕೀಪರ್ ಮತ್ತು ಇಬ್ಬರು ಬ್ಯಾಕ್‌ಗಳು, ಅಂದರೆ ಗೋಲಿನ ಮುಂದೆ ನಿಂತು ತಡೆಯುವವರು, ಅಂದುಕೊಳ್ಳಿ. ಬ್ಯಾಕ್ ಆಗಿದ್ದ ಬಿಲ್ ಸುಮ್ನೆ ನಾಲ್ಕು ಹೆಜ್ಜೆ ಮುಂದೆ ಬರುತ್ತಿದ್ದ. ಜೊತೆಗಾರ ಬ್ಯಾಕ್ ಹಿಂದೆಯೇ ಇದ್ದರೂ ಉಳಿದವರು ಇಬ್ಬರೇ, ಗೋಲು ಹೊಡೆಯಲು ಬಂದ ಎದುರು ತಂಡದ ಫಾರ್ವರ್ಡ್ ಬಲೆಗೆ ಬಿದ್ದಂತೆಯೇ! ಎದುರು ತಂಡದ ಅಭಿಮಾನಿಗಳಿಗೆ ಮೈಯೆಲ್ಲ ಉರಿಯದೆ ಇರುತ್ತಾ?

ಕೊನೆಗೆ 1925ರಲ್ಲಿ ಮೂವರ ಬದಲು ಇಬ್ಬರು ಸಾಕು ಅಂತ ನಿಯಮವನ್ನೇ ಬದಲಿಸಿದರು. ಅಷ್ಟರಲ್ಲಿ ಈ ಆಸಾಮಿ ಆಟ ಬಿಟ್ಟು ಹಲ್ ಸಿಟಿ ಕ್ಲಬ್ಬಿನ ಮ್ಯಾನೇಜರ್ ಆಗಿದ್ದ.